ವ್ಯಾನ್ ಪ್ರವಾಸಕ್ಕೆ ಒಯ್ಯುವ ಬಾರ್ಬೆಕ್ಯೂ: ನಮ್ಮ ಬಯಲುಸೀಮೆಯ ಗಾಳಿಗೆ ತಕ್ಕ ಆಯ್ಕೆ

ಶಾಂತಿಸಾಗರದ ದಂಡೆಗೋ ಮಾರಿಕಣಿವೆಯ ಹಿನ್ನೀರಿನ ಕಡೆಗೋ ಗಾಡಿ ಮಾಡಿಕೊಂಡು ಹೋಗಿ ಒಂದು ರಾತ್ರಿ ತಂಗಿ ಬರುವ ಕುಟುಂಬಗಳು ದಾವಣಗೆರೆ ಮತ್ತು ಚಿತ್ರದುರ್ಗದಲ್ಲಿ ಈಗ ಸಾಕಷ್ಟಿವೆ. ಜೊತೆಗೆ ಒಯ್ಯಲು ಒಂದು ಬಾರ್ಬೆಕ್ಯೂ ಕೊಳ್ಳಬೇಕೆಂದು ಅಂಗಡಿಗೆ ಹೋದವರು ಸಾಮಾನ್ಯವಾಗಿ ಮೊದಲು ಕೇಳುವುದು ಎಷ್ಟು ಜನಕ್ಕೆ ಸಾಲುತ್ತದೆ ಎಂದು, ಆಮೇಲೆ ಬೆಲೆ ಎಷ್ಟು ಎಂದು. ಇವೆರಡಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಗಳು ಬೇರೆಯೇ ಇವೆ: ಗಾಳಿ ಬೀಸಿದಾಗ ಈ ಒಲೆ ಹೇಗೆ ಉರಿಯುತ್ತದೆ, ಮತ್ತು ಊಟ ಮುಗಿದ ಎಷ್ಟು ಹೊತ್ತಿಗೆ ಇದನ್ನು ನಿರಾತಂಕವಾಗಿ ವ್ಯಾನಿನೊಳಗೆ ಇಡಬಹುದು? ಮನೆಯ ಅಂಗಳದಲ್ಲಿಯೋ ತಾರಸಿಯ ಮೇಲೆಯೋ ಇಡುವ ಒಲೆಗೆ ಈ ಪ್ರಶ್ನೆಗಳು ಅಷ್ಟು ಮುಖ್ಯವಲ್ಲ. ಹೊತ್ತೊಯ್ಯುವ ಒಲೆಗೆ ಇವೇ ಮುಖ್ಯ.

ಗಾಳಿಯ ಮಾತನ್ನು ಮೊದಲು ಎತ್ತಿದ್ದಕ್ಕೆ ಕಾರಣವಿದೆ. ಚಿತ್ರದುರ್ಗದ ಸುತ್ತಲಿನ ಗುಡ್ಡಗಳ ನೆತ್ತಿಯ ಮೇಲೆ ಸಾಲುಗಟ್ಟಿ ನಿಂತಿರುವ ಗಾಳಿಯಂತ್ರಗಳನ್ನು ಹೆದ್ದಾರಿಯಲ್ಲಿ ಹೋಗುವವರೆಲ್ಲ ನೋಡಿರುತ್ತಾರೆ. ವಿದ್ಯುತ್ತಿಗೆ ಒಳ್ಳೆಯದಾದ ಆ ಗಾಳಿಯೇ ಬಯಲಿನ ಅಡುಗೆಗೆ ತೊಡಕು. ಮುಂಗಾರಿನ ತಿಂಗಳುಗಳಲ್ಲಿ ಅದು ದಿನವಿಡೀ ಬೀಸಿದರೆ, ಬೇಸಿಗೆಯಲ್ಲಿ ಸಂಜೆಯ ಹೊತ್ತು ಇದ್ದಕ್ಕಿದ್ದಂತೆ ಎದ್ದು ದಿಕ್ಕು ಬದಲಿಸುತ್ತದೆ. ತೆರೆದ ಒಲೆಯಲ್ಲಿ ಗಾಳಿ ಮೂರು ಬಗೆಯ ತೊಂದರೆ ಮಾಡುತ್ತದೆ. ಇದ್ದಿಲಿಗೆ ಅಗತ್ಯಕ್ಕಿಂತ ಹೆಚ್ಚು ಉಸಿರು ಕೊಟ್ಟು, ಒಂದು ಗಂಟೆ ಉರಿಯಬೇಕಾದ ಕೆಂಡವನ್ನು ಅರ್ಧ ಗಂಟೆಯೊಳಗೆ ಬೂದಿ ಮಾಡುತ್ತದೆ. ಜಾಲರಿಯ ಒಂದು ಬದಿಯನ್ನು ತಣ್ಣಗಾಗಿಸಿ ಇನ್ನೊಂದು ಬದಿಯ ಮಾಂಸವನ್ನು ಹೊರಗೆ ಸೀದು ಒಳಗೆ ಹಸಿಯಾಗಿ ಉಳಿಸುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಕಿಡಿಯನ್ನು ಹತ್ತಾರು ಅಡಿ ಆಚೆಗೆ ಒಯ್ಯುತ್ತದೆ. ಫೆಬ್ರವರಿಯಿಂದ ಮೊದಲ ಮಳೆ ಬೀಳುವವರೆಗೆ ನಮ್ಮ ಕಾವಲುಗಳ ಹುಲ್ಲು, ಗುಡ್ಡದ ಬಾದೆ ಹುಲ್ಲು, ಹೊಲದ ಬದುವಿನ ಕಸ ಎಲ್ಲವೂ ಒಂದೇ ಕಿಡಿಗೆ ಹೊತ್ತಿಕೊಳ್ಳುವಷ್ಟು ಒಣಗಿರುತ್ತವೆ ಎಂಬುದನ್ನು ಈ ಭಾಗದವರಿಗೆ ಬಿಡಿಸಿ ಹೇಳಬೇಕಿಲ್ಲ.

ಆದ್ದರಿಂದ ಇದ್ದಿಲಿನ ಒಲೆಯನ್ನೇ ಕೊಳ್ಳುವುದಾದರೆ ಮುಚ್ಚಳವಿಲ್ಲದ್ದನ್ನು ಕೊಳ್ಳಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಸೂಟ್‌ಕೇಸಿನಂತೆ ಮಡಚುವ, ಮುಚ್ಚಳವಿಲ್ಲದ ತೆಳು ತಗಡಿನ ಒಲೆಗಳು ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುತ್ತವೆ, ಚಿತ್ರದಲ್ಲಿ ಚೆನ್ನಾಗಿಯೂ ಕಾಣುತ್ತವೆ. ಆದರೆ ಅವು ಗಾಳಿಯಿಲ್ಲದ ಜಾಗಕ್ಕೆ ಮಾಡಿದವು. ಗುಂಡಗಿನ ಮುಚ್ಚಳದ ಒಲೆ ಹುಟ್ಟಿದ್ದೇ ಈ ತೊಂದರೆಯಿಂದ. ಶಿಕಾಗೊದ ವೆಬರ್ ಎಂಬ ಲೋಹದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಜಾರ್ಜ್ ಸ್ಟೀಫನ್, ಗಾಳಿಗೆ ಬೂದಿ ಹಾರಿ ಅಡುಗೆಯ ಮೇಲೆ ಬೀಳುವುದಕ್ಕೆ ಬೇಸತ್ತು, ನೀರಿನಲ್ಲಿ ತೇಲಿಬಿಡುವ ಲೋಹದ ಬುರುಡೆಯನ್ನು ಎರಡು ಹೋಳು ಮಾಡಿ 1952ರಲ್ಲಿ ಮೊದಲ ಕೆಟಲ್ ಒಲೆಯನ್ನು ರೂಪಿಸಿದ. ಇಂದು ನಾನಾ ಕಂಪನಿಗಳು ಮಾಡುವ 35ರಿಂದ 40 ಸೆಂ.ಮೀ. ವ್ಯಾಸದ ಪುಟ್ಟ ಕೆಟಲ್‌ಗಳೆಲ್ಲ ಅದೇ ತತ್ವದ ಮೇಲೆ ನಡೆಯುತ್ತವೆ: ತಳದಲ್ಲಿ ಒಂದು ಗಾಳಿಕಂಡಿ, ಮುಚ್ಚಳದಲ್ಲಿ ಇನ್ನೊಂದು, ಎರಡನ್ನೂ ಎಷ್ಟು ತೆರೆಯುತ್ತೀರಿ ಎಂಬುದರ ಮೇಲೆ ಕಾವು ನಿಲ್ಲುತ್ತದೆ. ಅಡುಗೆ ಮುಗಿದ ಮೇಲೆ ಎರಡನ್ನೂ ಪೂರ್ತಿ ಮುಚ್ಚಿದರೆ ಗಾಳಿ ಸಿಗದೆ ಕೆಂಡ ನಂದುತ್ತದೆ, ಉಳಿದ ಇದ್ದಿಲು ಮರುದಿನಕ್ಕೂ ಬರುತ್ತದೆ. ಕೊಳ್ಳುವ ಮುನ್ನ ಮುಚ್ಚಳವನ್ನು ಕೂರಿಸಿ ಸುತ್ತಲೂ ಬೆರಳಾಡಿಸಿ ನೋಡಬೇಕು. ಒಂದು ಕಡೆ ಬೆರಳಿನ ತುದಿ ತೂರುವಷ್ಟು ಸಂದು ಇದ್ದರೂ ಆ ಕಂಡಿಗಳಿಂದ ಪ್ರಯೋಜನವಿಲ್ಲ.

ಇದ್ದಿಲೋ, ಗ್ಯಾಸೋ

ಇದ್ದಿಲಿನ ರುಚಿಯೇ ಬೇರೆ ಎಂಬ ಮಾತು ಅರ್ಧ ನಿಜ. ಆ ಹೊಗೆಯ ಪರಿಮಳದ ಬಹುಭಾಗ ಬರುವುದು ಮಾಂಸದ ಕೊಬ್ಬು ಮತ್ತು ಮಸಾಲೆಯ ಎಣ್ಣೆ ಕಾದ ಮೇಲ್ಮೈಗೆ ಬಿದ್ದು ಸುಡುವುದರಿಂದ; ತೊಟ್ಟಿಕ್ಕಿದ ಕೊಬ್ಬನ್ನು ಕಾದ ತಗಡು ಹಿಡಿಯುವಂತೆ ಮಾಡಿದ ಗ್ಯಾಸ್ ಒಲೆಯಲ್ಲೂ ಅದು ತಕ್ಕಮಟ್ಟಿಗೆ ಸಿಗುತ್ತದೆ. ಸಮಯದ ಲೆಕ್ಕವನ್ನಾದರೂ ನೋಡಬೇಕು. ಇದ್ದಿಲು ಹೊತ್ತಿ, ಮೇಲೆ ಬಿಳಿ ಬೂದಿ ಕಟ್ಟಿ, ಅಡುಗೆಗೆ ಹದವಾಗಲು 20ರಿಂದ 30 ನಿಮಿಷ ಬೇಕು. ಮುಗಿದ ಮೇಲೆ ಒಲೆ ಕೈಗೆ ತಣ್ಣಗೆ ಹತ್ತುವಂತಾಗಲು ಇನ್ನೂ ಹೆಚ್ಚು ಹೊತ್ತು ಬೇಕು. ಮಧ್ಯಾಹ್ನ ಒಂದು ಕಡೆ ಉಂಡು ಸಂಜೆಯೊಳಗೆ ಮುಂದಿನ ಊರಿಗೆ ಹೋಗುವ ವ್ಯಾನ್ ಪ್ರವಾಸಕ್ಕೆ ಇದು ಹೊಂದುವುದಿಲ್ಲ. ಅಂಥವರಿಗೆ ಗ್ಯಾಸ್ ಒಲೆಯೇ ಸರಿ. ಒಂದೇ ಜಾಗದಲ್ಲಿ ಟೆಂಟು ಹಾಕಿ ರಾತ್ರಿ ಕಳೆಯುವವರಿಗೆ ಇದ್ದಿಲಿನ ಒಲೆ ಅಡ್ಡಿಯಿಲ್ಲ.

ಇದ್ದಿಲಿನ ವಿಷಯದಲ್ಲಿ ನಮ್ಮ ಭಾಗಕ್ಕೆ ಒಂದು ಅನುಕೂಲವಿದೆ. ಬಳ್ಳಾರಿ ಜಾಲಿಯನ್ನು ಸುಟ್ಟು ಮಾಡಿದ ಇದ್ದಿಲು ಸುಲಭವಾಗಿ ಸಿಗುತ್ತದೆ. ಗಟ್ಟಿ ಮರವಾದ್ದರಿಂದ ಕಾವು ಹೆಚ್ಚು. ಆದರೆ ಚೀಲದ ತಳದ ಪುಡಿಯನ್ನು ಹಾಕಿದರೆ ಅದು ತಳದ ಗಾಳಿಕಂಡಿಯನ್ನು ಕಟ್ಟಿಬಿಡುತ್ತದೆ, ಸರಿಯಾಗಿ ಸುಡದ ತುಂಡುಗಳು ಸಿಡಿದು ಹೊಗೆ ಕಕ್ಕುತ್ತವೆ. ಎರಡು ತುಂಡುಗಳನ್ನು ತಟ್ಟಿದಾಗ ಕಣಕಣ ಎಂದರೆ ಚೆನ್ನಾಗಿ ಸುಟ್ಟಿದೆ ಎಂದು, ಮಂಕಾಗಿ ಟಪ್ಪೆಂದರೆ ಒಳಗೆ ಇನ್ನೂ ಕಟ್ಟಿಗೆಯೋ ತೇವವೋ ಇದೆ ಎಂದು ತಿಳಿಯಬೇಕು. ತೆಂಗಿನ ಚಿಪ್ಪಿನ ಇದ್ದಿಲನ್ನು ಒತ್ತಿ ಮಾಡಿದ ಬಿಲ್ಲೆಗಳು ಸ್ವಲ್ಪ ದುಬಾರಿಯಾದರೂ ಕಿಡಿ ಕಡಿಮೆ, ಹೊಗೆ ಕಡಿಮೆ, ಕಾವು ಸಮನಾಗಿ ಬರುತ್ತದೆ. ಗಾಳಿಯ ಜಾಗಕ್ಕೆ ನಾನು ಇದನ್ನೇ ಮೇಲು ಎನ್ನುತ್ತೇನೆ. ಹೊತ್ತಿಸಲು ಸೀಮೆಎಣ್ಣೆಯನ್ನಾಗಲಿ ಪೆಟ್ರೋಲನ್ನಾಗಲಿ ಬಳಸಬಾರದು. ಎರಡು ಕಡೆಯೂ ತೆರೆದ, ನಡುವೆ ಜಾಲರಿಯಿರುವ ತಗಡಿನ ಕೊಳವೆಯೊಂದನ್ನು ಒಲೆಯ ಜೊತೆಗೇ ಕೊಂಡುಕೊಳ್ಳುವುದು ಒಳ್ಳೆಯದು: ಕೆಳಗೆ ಹಳೆಯ ಪತ್ರಿಕೆ ಅಥವಾ ಒಣಗಿದ ಮೆಕ್ಕೆಜೋಳದ ಬೆಂಡು, ಮೇಲೆ ಇದ್ದಿಲು, ಯಾವ ಎಣ್ಣೆಯೂ ಇಲ್ಲದೆ ಹೊತ್ತಿಕೊಳ್ಳುತ್ತದೆ. ಬೆಂಡನ್ನು ಹೊತ್ತಿಸಲು ಮಾತ್ರ ಬಳಸಬೇಕು. ಅದರ ಬೆಂಕಿಯ ಮೇಲೆ ಅಡುಗೆ ಮಾಡಿದರೆ ತಿನ್ನಲು ಸಿಗುವುದು ಹೊಗೆಯೇ.

ಗ್ಯಾಸ್ ಒಲೆ ಎಂದೊಡನೆ ಸಿಲಿಂಡರಿನ ಪ್ರಶ್ನೆ ಬರುತ್ತದೆ. ಮನೆಯ 14.2 ಕೆ.ಜಿ. ಸಿಲಿಂಡರು ತುಂಬಿದಾಗ ಸುಮಾರು 30 ಕೆ.ಜಿ. ತೂಗುತ್ತದೆ, ಅದನ್ನು ಕೊಟ್ಟಿರುವುದೂ ಮನೆಯ ಅಡುಗೆಗೆ. ಅದನ್ನು ವ್ಯಾನಿಗೆ ಏರಿಸುವ ಯೋಚನೆಯನ್ನು ಬಿಡಬೇಕು. ತೈಲ ಕಂಪನಿಗಳು ಪೆಟ್ರೋಲ್ ಬಂಕುಗಳಲ್ಲೂ ಮಾರುವ 5 ಕೆ.ಜಿ. ಸಿಲಿಂಡರು ಈ ಕೆಲಸಕ್ಕೆ ತಕ್ಕದ್ದು. ಒಂದು ಲೆಕ್ಕ ಹಾಕೋಣ. ಒಂದು ಕೆ.ಜಿ. ಅಡುಗೆ ಅನಿಲದಲ್ಲಿ ಸುಮಾರು 12.8 ಯೂನಿಟ್, ಅಂದರೆ ಕಿಲೋವಾಟ್-ಅವರ್, ಶಕ್ತಿ ಇರುತ್ತದೆ. 2 ಕಿಲೋವಾಟ್ ಬರ್ನರಿನ ಒಲೆಯನ್ನು ಪೂರ್ತಿ ಉರಿಯಲ್ಲಿಟ್ಟರೆ ಗಂಟೆಗೆ ಸುಮಾರು 155 ಗ್ರಾಂ ಅನಿಲ ಬೇಕು. ಹಾಗಾಗಿ 5 ಕೆ.ಜಿ. ಸಿಲಿಂಡರು 30 ಗಂಟೆಗಿಂತ ಹೆಚ್ಚು ಬರುತ್ತದೆ, ಸಿಲಿಂಡರಿನ ಬದಲು ಬಳಸುವ ಬ್ಯೂಟೇನ್ ಗ್ಯಾಸಿನ 230 ಗ್ರಾಮಿನ ಪುಟ್ಟ ಡಬ್ಬಿ ಒಂದೂವರೆ ಗಂಟೆಗೆ ಖಾಲಿಯಾಗುತ್ತದೆ. ನಾಲ್ಕು ಜನರ ಒಂದು ಹೊತ್ತಿನ ಅಡುಗೆಗೆ ಒಂದು ಡಬ್ಬಿ ಸಾಕು ಎಂದಾದರೂ, ಎರಡನೆಯದು ಕೈಯಲ್ಲಿರದೆ ಹೊರಡುವುದು ಜಾಣತನವಲ್ಲ.

ಡಬ್ಬಿಯ ಗ್ಯಾಸಿನ ಬಗ್ಗೆ ವಿದೇಶದ ಮಾರ್ಗದರ್ಶಿಗಳೆಲ್ಲ ಚಳಿಯ ಕುರಿತು ಎಚ್ಚರಿಸುತ್ತವೆ, ಏಕೆಂದರೆ ಬ್ಯೂಟೇನ್ ಶೂನ್ಯ ಡಿಗ್ರಿಯ ಹತ್ತಿರ ಆವಿಯಾಗುವುದನ್ನೇ ನಿಲ್ಲಿಸುತ್ತದೆ. ನಮಗೆ ಆ ಚಿಂತೆಯಿಲ್ಲ. ನಮ್ಮದು ಅದಕ್ಕೆ ತಿರುಗಾದ ಚಿಂತೆ. ಇಂಥ ಡಬ್ಬಿಗಳನ್ನು 50 ಡಿಗ್ರಿ ಸೆಲ್ಸಿಯಸ್ ಮೀರಿದ ಜಾಗದಲ್ಲಿ ಇಡಬಾರದೆಂದು ಅವುಗಳ ಮೇಲೆಯೇ ಬರೆದಿರುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಗಾಜು ಏರಿಸಿ ಬಿಸಿಲಿನಲ್ಲಿ ನಿಲ್ಲಿಸಿದ ವ್ಯಾನಿನ ಒಳಗೆ ಅಷ್ಟು ಸೆಕೆ ಏರುವುದು ಕಷ್ಟವೇನಲ್ಲ. ಡಬ್ಬಿಯನ್ನು ಪಕ್ಕದಲ್ಲೇ ಕೂರಿಸುವ ಒಲೆಗಳ ಮೇಲೆ ಅಗಲವಾದ ಕಾವಲಿಯನ್ನು ಇಟ್ಟರೆ ಅದರ ಕಾವು ಡಬ್ಬಿಗೆ ಬಡಿಯುತ್ತದೆ. ಆದ್ದರಿಂದ ಕೊಳವೆಯ ಮೂಲಕ ಗ್ಯಾಸನ್ನು ದೂರದಿಂದ ತರುವ ಒಲೆಗಳೇ ವಾಸಿ.

ಇನ್ನೊಂದು ವಿಷಯವನ್ನು ಅಂಗಡಿಯವರು ತಾವಾಗಿ ಹೇಳುವುದು ಅಪರೂಪ. ನಮ್ಮ ಮನೆಯ ರೆಗ್ಯುಲೇಟರು ಸುಮಾರು 30 ಮಿಲಿಬಾರ್ ಒತ್ತಡದಲ್ಲಿ ಗ್ಯಾಸನ್ನು ಬಿಡುತ್ತದೆ. ಹೊರದೇಶದಿಂದ ತರಿಸಿದ ಕೆಲವು ಒಲೆಗಳು 50 ಮಿಲಿಬಾರಿಗೆ ಮಾಡಿದವು. ಅವನ್ನು ನಮ್ಮ ರೆಗ್ಯುಲೇಟರಿಗೆ ಜೋಡಿಸಿದರೆ ಉರಿ ಸೊರಗುತ್ತದೆ, ಸ್ವಲ್ಪ ಗಾಳಿ ಬಂದರೂ ಆರಿಹೋಗುತ್ತದೆ. ಒಲೆಯ ಹಿಂಭಾಗಕ್ಕೋ ತಳಕ್ಕೋ ಅಂಟಿಸಿದ ಚೀಟಿಯಲ್ಲಿ ಒತ್ತಡದ ಅಂಕಿ ಇರುತ್ತದೆ, ಅದನ್ನು ಓದಿಯೇ ಹಣ ಕೊಡಬೇಕು. ಉರಿ ಆರಿದರೆ ಗ್ಯಾಸನ್ನು ತಾನಾಗಿ ನಿಲ್ಲಿಸುವ ವ್ಯವಸ್ಥೆ ಇರುವ ಒಲೆಗೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ರೆಗ್ಯುಲೇಟರು ಮತ್ತು ಕೊಳವೆ ಎರಡರ ಮೇಲೂ ಐಎಸ್‌ಐ ಗುರುತು ಇರಬೇಕು. ಕಿತ್ತಳೆ ಬಣ್ಣದ ಸುರಕ್ಷಾ ಕೊಳವೆಯನ್ನು ಅದರ ಮೇಲೆ ಅಚ್ಚಾದ ಅವಧಿ ಮುಗಿದ ಮೇಲೆ ಬಳಸಬಾರದು. ಪ್ರತಿ ಸಲ ಜೋಡಿಸಿದಾಗ ಸೋಪಿನ ನೀರನ್ನು ಸವರಿ ಗುಳ್ಳೆ ಏಳುತ್ತದೆಯೇ ಎಂದು ನೋಡಬೇಕು. ಈ ಅನಿಲ ಗಾಳಿಗಿಂತ ಭಾರವಾದ್ದರಿಂದ ಸೋರಿದರೆ ಮೇಲೇರದೆ ವ್ಯಾನಿನ ನೆಲದಲ್ಲೇ ಕೂರುತ್ತದೆ. ಕಿಟಕಿ ತೆರೆದಿದೆ ಎಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬಾರದು. ಸಿಲಿಂಡರು ನೆಟ್ಟಗೆ ನಿಂತು, ಅಲುಗದಂತೆ ಕಟ್ಟಿ, ತಳಮಟ್ಟದಲ್ಲಿ ಹೊರಕ್ಕೆ ತೂತಿರುವ ಗೂಡಿನಲ್ಲಿ ಕೂರಬೇಕು.

ಕರೆಂಟಿನ ಗ್ರಿಲ್ ಬಗ್ಗೆ ಕೇಳುವವರೂ ಇದ್ದಾರೆ. 1250 ವಾಟಿನ ಗ್ರಿಲ್ 12 ವೋಲ್ಟಿನ ಬ್ಯಾಟರಿಯಿಂದ ನೂರು ಆಂಪಿಯರಿಗೂ ಹೆಚ್ಚು ಎಳೆಯುತ್ತದೆ. 100 ಆಂಪಿಯರ್-ಅವರ್‌ನ ಮಾಮೂಲಿ ಬ್ಯಾಟರಿಯನ್ನು ಹಾಳಾಗದಂತೆ ಅರ್ಧ ಮಾತ್ರ ಬಳಸಿದರೆ ಅರ್ಧ ಗಂಟೆಯೂ ನಡೆಯದು. ಕರೆಂಟು ಕೊಡುವ ರೆಸಾರ್ಟಿನ ಅಂಗಳದಲ್ಲಿ ಉಳಿಯುವವರಿಗೆ ಬಿಟ್ಟರೆ ಇದು ಬೇಡ.

ಲೋಹ, ಕಾಲು, ಜಾಲರಿ

ಅಂಗಡಿಯಲ್ಲಿ ಒಲೆಯನ್ನು ಮೇಜಿನ ಮೇಲಿಟ್ಟು ನೋಡಿದರೆ ಏನೂ ತಿಳಿಯುವುದಿಲ್ಲ. ಅದನ್ನು ನೆಲಕ್ಕೆ ಇಳಿಸಿ, ಕಾಲುಗಳನ್ನು ಬಿಡಿಸಿ, ಜಾಲರಿಯ ಒಂದು ಮೂಲೆಯನ್ನು ಅಂಗೈಯಿಂದ ಒತ್ತಬೇಕು. ಎದುರು ಮೂಲೆಯ ಕಾಲು ಮೇಲೆದ್ದರೆ, ಕೆಂಡ ತುಂಬಿದ ಆ ಒಲೆ ಕೆರೆಯಂಗಳದ ಏರುತಗ್ಗಿನ ನೆಲದಲ್ಲಿ ಮಗುವಿನ ಕಾಲು ತಾಗಿದರೂ ಮಗುಚಿಕೊಳ್ಳುತ್ತದೆ. ಮೂರು ಕಾಲಿನ ಒಲೆ ಎಂಥ ನೆಲದಲ್ಲೂ ಕುಂಟುವುದಿಲ್ಲ, ಆದರೆ ಬದಿಯಿಂದ ತಳ್ಳಿದರೆ ಬೇಗ ವಾಲುತ್ತದೆ. ನಾಲ್ಕು ಕಾಲಿನದು ಇದಕ್ಕೆ ವಿರುದ್ಧ. ಯಾವುದಾದರೂ ಆಗಲಿ, ಕೆಂಡದ ತೊಟ್ಟಿಯ ತಳಕ್ಕೂ ನೆಲಕ್ಕೂ ನಡುವೆ ಒಂದು ಗೇಣಾದರೂ ಅಂತರ ಇರಬೇಕು, ಇಲ್ಲವಾದರೆ ಒಲೆಯ ಕೆಳಗಿನ ಹುಲ್ಲು ಬರಿಯ ಕಾವಿಗೇ ಹೊತ್ತುತ್ತದೆ. ಗಾಳಿಕಂಡಿಯ ಕೆಳಗೆ ಬೂದಿಯನ್ನು ಹಿಡಿಯುವ ತಟ್ಟೆ ಇರಲೇಬೇಕು.

ತಗಡಿನ ದಪ್ಪವನ್ನು ಗೇಜಿನಲ್ಲಿ ಹೇಳುವುದು ವಾಡಿಕೆ, ಅಂಕಿ ಏರಿದಷ್ಟೂ ತಗಡು ತೆಳುವಾಗುತ್ತದೆ. 18 ಗೇಜು, ಅಂದರೆ ಸುಮಾರು 1.2 ಮಿ.ಮೀ. ದಪ್ಪ, ಇದ್ದಿಲಿನ ತೊಟ್ಟಿಗೆ ಹದವಾದದ್ದು; ಇದಕ್ಕಿಂತ ಬಹಳ ತೆಳುವಾದದ್ದು ಕಾದು ಸೊಟ್ಟಗಾಗಿ ಮುಂದೆ ಮಡಚಲೂ ಬರುವುದಿಲ್ಲ. ಹರಿಹರ, ದಾವಣಗೆರೆಗಳಲ್ಲಿ ಲೋಹದ ಕೆಲಸ ಬಲ್ಲವರಿಗೆ ಬರವಿಲ್ಲ. ಹರಿಹರದ ಮೈಸೂರು ಕಿರ್ಲೋಸ್ಕರ್ ಲೇತ್ ಯಂತ್ರಗಳನ್ನು ಮಾಡುತ್ತಿದ್ದ ಊರು ಅದು. ನಿಮ್ಮ ವ್ಯಾನಿನ ಗೂಡಿನ ಅಳತೆ ಕೊಟ್ಟು ವೆಲ್ಡಿಂಗ್ ಅಂಗಡಿಯಲ್ಲಿ ಒಲೆ ಮಾಡಿಸಿಕೊಳ್ಳುವುದು ಅನೇಕ ಸಲ ಕಂಪನಿಯ ಮಾಲಿಗಿಂತ ಗಟ್ಟಿಯಾಗಿಯೂ ಅಗ್ಗವಾಗಿಯೂ ಆಗುತ್ತದೆ. ಆದರೆ ಜಿ.ಐ. ಶೀಟನ್ನು ಮಾತ್ರ ಬಳಸಕೂಡದೆಂದು ಮೊದಲೇ ಹೇಳಬೇಕು. ಅದರ ಮೇಲಿನ ಸತುವಿನ ಲೇಪ 419 ಡಿಗ್ರಿಗೆ ಕರಗುತ್ತದೆ, ಇದ್ದಿಲಿನ ಕೆಂಡ ಅದಕ್ಕಿಂತ ಎಷ್ಟೋ ಬಿಸಿ. ಸುಟ್ಟ ಸತುವಿನ ಹೊಗೆಯನ್ನು ಉಸಿರಾಡಿದವರಿಗೆ ಜ್ವರ, ಚಳಿ, ವಾಕರಿಕೆ ಬರುತ್ತವೆ. ಬಣ್ಣದ ಅಥವಾ ರಾಸಾಯನಿಕದ ಹಳೆಯ ಡ್ರಮ್ಮನ್ನು ಕೊಯ್ದು ಮಾಡುವುದೂ ಬೇಡ. ಸ್ಟೇನ್‌ಲೆಸ್ ಸ್ಟೀಲ್ ಎಂದು ಹೇಳಿ ಕೊಡುವಾಗ ಅಯಸ್ಕಾಂತ ಹಿಡಿದು ತೋರಿಸುವುದುಂಟು, ಆದರೆ 304 ದರ್ಜೆಯಂತೆ ಅಗ್ಗದ 202 ದರ್ಜೆಯೂ ಅಯಸ್ಕಾಂತಕ್ಕೆ ಅಂಟುವುದಿಲ್ಲ. ದರ್ಜೆಯನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳುವುದೇ ದಾರಿ.

ಜಾಲರಿಯ ಸರಳುಗಳು ದಪ್ಪವಾಗಿದ್ದಷ್ಟೂ ಕಾವನ್ನು ಹಿಡಿದಿಡುತ್ತವೆ. ಎರಕದ ಕಬ್ಬಿಣದ ಜಾಲರಿ ಅಡುಗೆಗೆ ಅತ್ಯುತ್ತಮ, ಆದರೆ ಭಾರ. ತೊಳೆದು ಒರೆಸಿ ಎಣ್ಣೆ ಸವರದೆ ಮೂಟೆ ಕಟ್ಟಿದರೆ ಊರು ಸೇರುವಷ್ಟರಲ್ಲಿ ತುಕ್ಕು ಹಿಡಿದಿರುತ್ತದೆ. ಸರಳುಗಳ ನಡುವಿನ ಸಂದಿನಲ್ಲಿ ನಿಮ್ಮ ಕಿರುಬೆರಳು ಸರಾಗವಾಗಿ ತೂರಿದರೆ ಮೆಣಸಿನಕಾಯಿ, ಈರುಳ್ಳಿ ಹೋಳು, ಪನೀರಿನ ತುಂಡು ಎಲ್ಲವೂ ಕೆಂಡಕ್ಕೆ ಹೋಗುತ್ತವೆ ಎಂದೇ ಅರ್ಥ.

ನಮ್ಮ ಕಡೆಯ ಗುಂಪುಗಳಲ್ಲಿ ಸಸ್ಯಾಹಾರಿಗಳೂ ಮಾಂಸಾಹಾರಿಗಳೂ ಒಟ್ಟಿಗೇ ಹೋಗುವುದು ಸಾಮಾನ್ಯ. ಕಂಪನಿಯ ಪಟ್ಟಿಗಳಲ್ಲಿ ಈ ಅಗತ್ಯಕ್ಕೆ ಜಾಗವಿಲ್ಲ, ಆದರೆ ಕೊಳ್ಳುವವರು ಮೊದಲೇ ಯೋಚಿಸಬೇಕು. ಒಂದೇ ಜಾಲರಿಯನ್ನು ನಡುವೆ ಅಡ್ಡಗೆರೆ ಎಳೆದು ಹಂಚಿಕೊಳ್ಳುತ್ತೇವೆ ಎಂಬ ಮಾತು ಕೋಳಿಯ ಮಸಾಲೆ ಮೊದಲ ಸಲ ತೊಟ್ಟಿಕ್ಕುವವರೆಗೆ ಮಾತ್ರ ನಡೆಯುತ್ತದೆ. ಬೇರೆ ಜಾಲರಿಯನ್ನೋ ಕಾವಲಿಯನ್ನೋ ಬಿಡಿಯಾಗಿ ಮಾರುವ ಮಾದರಿಯನ್ನೇ ಆರಿಸಿ, ಎರಡನ್ನೂ ಬೇರೆ ಬೇರೆ ಚೀಲದಲ್ಲಿಟ್ಟು, ತೆನೆ, ಬದನೆಕಾಯಿ, ಪನೀರುಗಳನ್ನು ಮೊದಲು ಮುಗಿಸಿ ಆಮೇಲೆ ಮಾಂಸವನ್ನು ಏರಿಸಿದರೆ ಯಾರ ಮನಸ್ಸಿಗೂ ಕಿರಿಕಿರಿಯಾಗದು. ಕಾವಲಿ ಇದ್ದರೆ ಬೆಳಗ್ಗೆ ದೋಸೆಯೂ ಆಗುತ್ತದೆ. ದಾವಣಗೆರೆಯವರಿಗೆ ಅದೊಂದೇ ಸಾಕಾದ ಕಾರಣವಾಗಬಹುದು.

ಅಳತೆಯ ವಿಷಯ ಹೆಚ್ಚು ಹೇಳುವುದಕ್ಕಿಲ್ಲ. ನಾಲ್ಕು ಜನಕ್ಕೆ 35 ಸೆಂ.ಮೀ. ವ್ಯಾಸ ಸಾಕು, ಆರು ಜನರಾದರೆ ದೊಡ್ಡ ಒಲೆಯನ್ನು ಕೊಳ್ಳುವ ಬದಲು ಎರಡು ಸರದಿಯಲ್ಲಿ ಬೇಯಿಸುವುದು ಒಳ್ಳೆಯದು. ವ್ಯಾನಿನಲ್ಲಿ ಇಡುವ ಗೂಡನ್ನು ಮೊದಲು ಅಳೆದು, ಒಲೆಯನ್ನು ಚೀಲಕ್ಕೆ ಹಾಕಿದ ಮೇಲಿನ ಅಳತೆಯನ್ನು ಅದಕ್ಕೆ ಹೋಲಿಸಬೇಕು.

ಇಡುವ ಜಾಗ, ನಂದಿಸುವ ಕ್ರಮ

ಒಲೆ ಎಷ್ಟೇ ಒಳ್ಳೆಯದಾದರೂ ಕೆಲವು ಕಡೆ ಅದನ್ನು ಹೊತ್ತಿಸುವಂತಿಲ್ಲ. ಜೋಗಿಮಟ್ಟಿಯಲ್ಲಾಗಲಿ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕೊಂಡುಕುರಿ ವನ್ಯಧಾಮದಲ್ಲಾಗಲಿ ಬೆಂಕಿ ಹಾಕುವುದು ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮತ್ತು 1963ರ ಕರ್ನಾಟಕ ಅರಣ್ಯ ಕಾಯ್ದೆ ಎರಡೂ ಇದನ್ನು ತಡೆಯುತ್ತವೆ. ಚಿತ್ರದುರ್ಗದ ಕೋಟೆ ಸಂರಕ್ಷಿತ ಸ್ಮಾರಕವಾದ್ದರಿಂದ ಅಲ್ಲಿಯೂ ಅಡುಗೆಗೆ ಅವಕಾಶವಿಲ್ಲ. ಹೊಲದವರ ಒಪ್ಪಿಗೆ ಪಡೆದು ಅವರ ಕಣದಲ್ಲಿ ಜಾಗ ಮಾಡಿಕೊಳ್ಳುವುದು ಎಲ್ಲಕ್ಕಿಂತ ಸರಳ. ಗಟ್ಟಿಯಾಗಿ ಬಡಿದ ಕಣದ ನೆಲದಲ್ಲಿ ಹುಲ್ಲಿನ ಭಯವೂ ಇಲ್ಲ, ಪಕ್ಕದಲ್ಲಿ ಬಣವೆ ಇಲ್ಲದಿದ್ದರೆ.

ವ್ಯಾನಿನಿಂದಲೂ ಟೆಂಟಿನಿಂದಲೂ ಹತ್ತು ಅಡಿಯಾದರೂ ದೂರದಲ್ಲಿ, ಗಾಳಿ ಒಲೆಯಿಂದ ಟೆಂಟಿನ ಕಡೆಗೆ ಬೀಸದಂತೆ ನೋಡಿ ಒಲೆಯನ್ನು ಇಡಬೇಕು. ಮಳೆ ಬಂತೆಂದು ಇದ್ದಿಲಿನ ಒಲೆಯನ್ನು ವ್ಯಾನಿನೊಳಗೋ ಟೆಂಟಿನ ಬಾಯಿಗೋ ತರಬಾರದು. ಹೊಗೆ ನಿಂತ ಕೆಂಡವೂ ಕಾರ್ಬನ್ ಮೊನಾಕ್ಸೈಡನ್ನು ಬಿಡುತ್ತಲೇ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ. ಚಳಿಗೆ ಬೆಚ್ಚಗಿರಲೆಂದು ಆರುತ್ತಿರುವ ಒಲೆಯನ್ನು ಒಳಗಿಟ್ಟುಕೊಂಡು ಮಲಗುವುದು ಪ್ರಾಣಕ್ಕೇ ಅಪಾಯ.

ಕಾವಿನ ಹದವನ್ನು ಅಂಗೈಯೇ ಹೇಳುತ್ತದೆ. ಜಾಲರಿಯ ಮೇಲೆ ನಾಲ್ಕೈದು ಅಂಗುಲ ಎತ್ತರದಲ್ಲಿ ಕೈ ಹಿಡಿದಾಗ ಎರಡು ಎಣಿಸುವಷ್ಟರಲ್ಲಿ ಹಿಂದೆಗೆಯುವಂತಾದರೆ ಕಾವು ಜೋರು, ತೆಳುವಾದ ಮೀನಿಗೆ ಸರಿ. ಐದರವರೆಗೆ ತಾಳಿದರೆ ಮಧ್ಯಮ, ಮೂಳೆಯಿರುವ ಕೋಳಿಗೆ ಇದೇ ಬೇಕು. ಕೋಳಿಯ ಒಳಗಿನ ಉಷ್ಣತೆ 74 ಡಿಗ್ರಿ ಮುಟ್ಟಿದೆಯೇ ಎಂದು ನೋಡಲು ಚಿಕ್ಕ ಥರ್ಮಾಮೀಟರೊಂದನ್ನು ಇಟ್ಟುಕೊಳ್ಳಬಹುದು. ಉದ್ದ ಹಿಡಿಯ ಇಕ್ಕಳ, ದಪ್ಪ ಚರ್ಮದ ಕೈಗವಸು, ಒಂದು ಬಕೆಟ್ ನೀರು, ಒಂದು ಬುಟ್ಟಿ ಮರಳು ಒಲೆ ಹೊತ್ತಿಸುವ ಮೊದಲೇ ಪಕ್ಕದಲ್ಲಿರಬೇಕು.

ನಂದಿಸುವಾಗ ಕಾದ ತೊಟ್ಟಿಗೆ ನೀರು ಸುರಿಯಬಾರದು. ಹಬೆ ಮುಖಕ್ಕೆ ಬಡಿಯುತ್ತದೆ, ಎನಾಮಲ್ ಲೇಪ ಬಿರುಕು ಬಿಡುತ್ತದೆ. ಮುಚ್ಚಳ ಹಾಕಿ ಕಂಡಿಗಳನ್ನು ಮುಚ್ಚಿ ಮೊದಲು ಆರಲು ಬಿಡಬೇಕು. ಬೆಳಿಗ್ಗೆ ಹೊರಡುವ ಮುನ್ನ ಬೂದಿಯನ್ನು ತಗಡಿನ ಡಬ್ಬಿಗೆ ಸುರಿದು, ನೀರು ಹಾಕಿ ಕಡ್ಡಿಯಿಂದ ಕಲಕಿ, ಡಬ್ಬಿಯ ಹೊರಮೈಗೆ ಕೈ ಹಚ್ಚಿ ನೋಡಬೇಕು. ರಾತ್ರಿ ಕಳೆದರೂ ಬೂದಿಯ ಅಡಿಯಲ್ಲಿ ಕೆಂಡ ಜೀವ ಹಿಡಿದಿರುವುದುಂಟು. ಪ್ಲಾಸ್ಟಿಕ್ ಚೀಲಕ್ಕೋ ಹೊಲದ ಬದುವಿಗೋ ಅದನ್ನು ಸುರಿಯಬಾರದು. ಕಲಕಿದ ಬೂದಿ ಪೂರ್ತಿ ತಣ್ಣಗಾದ ಮೇಲೆ ಡಬ್ಬಿಯ ಮುಚ್ಚಳವನ್ನು ಬಿಗಿದು, ಜಾಲರಿಗಳನ್ನು ಒರೆಸಿ ಅವವುಗಳ ಚೀಲಕ್ಕೆ ಹಾಕಿ, ಒಲೆಯನ್ನು ಸಿಲಿಂಡರಿನ ಗೂಡಿನಿಂದ ದೂರದಲ್ಲಿ, ಅಡ್ಡಬೀಳದಂತೆ ಕಟ್ಟಿ ಇಡಬೇಕು.